ನಾಲ್ಕನೇ ಮಿಷನ್ನಿನ ಕಾಪಿ

ಕುಣಿಗಲ್
12 ಫೆಬ್ರವರಿ 2003

ಫೈಜಲ್,

ಕಂಡಕ್ಟರ್ ಕೈಯಲ್ಲಿ ಕಳಿಸಿದ ಫ್ಲಾಪಿ ಬಂದು ಸೇರಿತು. ಕವರಿನ ಮೇಲೆ ‘ಅಸೈನ್‌ಮೆಂಟ್’ ಎಂದು ಬರೆದಿದ್ದೀಯ. ಒಳಗೆ ನೋಡಿದರೆ ಸಂತೆ. ಅವಿಭಾಜ್ಯ ಸಂಖ್ಯೆ ಹುಡುಕುವುದು, ಲೈಬ್ರರಿ ಪುಸ್ತಕದ ಪಟ್ಟಿ, ನಿಮ್ಮ ಡಿಪ್ಲೊಮಾ ಲ್ಯಾಬಿನ ಲೆಕ್ಕಗಳು, ಅದರ ಮಧ್ಯೆ ಎಲ್ಲೆಲ್ಲಿಂದಲೋ ಕದ್ದ ವೆಬ್ ತುಂಡುಗಳು. ಮೌಸ್ ಹಿಂದೆ ನಕ್ಷತ್ರ ಉದುರುವುದನ್ನು ಹಾಕಿ ತೋರಿಸಿದೆ. ನಮ್ಮ ಮಾಸ್ಟರು ಕುರ್ಚಿಯಿಂದ ಎದ್ದು ಬಂದು, ‘ಇದು ವೈರಸ್ ಅಲ್ವೇನೋ ಉದಯಕುಮಾರ?’ ಅಂದರು.

ಮಾಸ್ಟರು ಎಂದರೆ ರಾಮಾಂಜಿನಯ್ಯನವರು. ಇಪ್ಪತ್ತು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಈಗ ಟೈಪ್‌ರೈಟರುಗಳನ್ನು ಮೂಲೆಗೆ ತಳ್ಳಿ ಐದು ಕಂಪ್ಯೂಟರ್ ಇಟ್ಟು ಬ್ರೌಸಿಂಗ್ ಸೆಂಟರ್ ಮಾಡಿದ್ದಾರೆ. ಒಳ್ಳೆಯವರು, ಆದರೆ ಕಾರ್ಬನ್ ಕಾಪಿ ಚಾಳಿ ಹೋಗಿಲ್ಲ. ನಾನು ಒಂದನೇ ಮಿಷನ್ನಿನಲ್ಲಿ ಏನು ಮಾಡಿದರೂ ಸಂಜೆ ಫ್ಲಾಪಿಗೆ ಹಾಕಿಕೊಂಡು ಎರಡು, ಮೂರು, ನಾಲ್ಕು, ಐದಕ್ಕೆಲ್ಲ ಒಂದೊಂದು ಕಾಪಿ ಇಡುತ್ತಾರೆ. ‘ಕಾಪಿ ಇಲ್ದಿರೋ ಕಾಗ್ದ ಕಾಗ್ದವೇ ಅಲ್ಲ’ ಅನ್ನುವುದು ಅವರ ವೇದ.

ಗ್ಯಾರೇಜ್ ಬಿಟ್ಟೆ, ಬೇಕರಿ ಬಿಟ್ಟೆ, ಲಾರಿ ಆಫೀಸ್ ಬಿಟ್ಟೆ. ಇಲ್ಲಿ ಐದು ತಿಂಗಳಾಯಿತು, ಬಿಟ್ಟು ಹೋಗಬೇಕು ಅಂತ ಇನ್ನೂ ಅನ್ನಿಸಿಲ್ಲ. ಹತ್ತನೇ ಕ್ಲಾಸಿಗೇ ನಿಂತವನಿಗೆ ಇದು ತಲೆಗೆ ಹತ್ತುತ್ತದೆ ಎಂದು ನಮ್ಮಪ್ಪನಿಗೆ ಹೇಳಿದರೆ ನಂಬುವುದಿಲ್ಲ.

ನಿನ್ನ ಫ್ಲಾಪಿಯಲ್ಲಿ ‘ರಿಸಲ್ಟ್’ ಅಂತ ಒಂದಿದೆಯಲ್ಲ, ನಂಬರ್ ಹಾಕಿದರೆ ಪಾಸು ಫೇಲು ಹೇಳುವುದು. ಅದು ನನಗೆ ತುಂಬಾ ಹಿಡಿಸಿತು. ಅದನ್ನು ಬಿಡಿಸಿ ಹೇಳು. ಫೋನಿನಲ್ಲಿ ಬ್ರಾಕೆಟ್ಟು ಹೇಳಲು ಆಗುವುದಿಲ್ಲ, ಕಾಗದದಲ್ಲೇ ಬರಿ.

ಇನ್ನೊಂದು. ತಂಗಿ ಭೂಮಿಕಾ ಈ ಸಲವೂ ಹತ್ತನೇ ಕ್ಲಾಸಿನ ಗಣಿತಕ್ಕೆ ಕಟ್ಟಿದ್ದಾಳೆ. ಮೂರನೇ ಸಲ. ಅವಳಿಗೆ ಹದಿನೆಂಟು ತುಂಬಿತು. ಅಪ್ಪ ಮಠದಲ್ಲಿ ಬುದ್ಧಿಯವರ ಮುಂದೆ ಹೇಳಿಬಿಟ್ಟಿದ್ದಾರಂತೆ: ‘ಪಾಸಾದ್ರೆ ತುಮಕೂರಲ್ಲಿ ಕಾಲೇಜಿಗೆ ಹಾಕ್ತೀನಿ. ಫೇಲಾದ್ರೆ ಅವತ್ತೇ ಕುಣಿಗಲ್‌ನೋರಿಗೆ ವೀಳ್ಯ ಕೊಡ್ತೀನಿ.’ ಕುಣಿಗಲ್‌ನವರು ಎಂದರೆ ಗೊಬ್ಬರದ ಅಂಗಡಿ ಮಹಾಲಿಂಗಯ್ಯ. ಅವರ ಮಗ ಷಡಕ್ಷರಿ. ನಮ್ಮ ಸೆಂಟರಿನಿಂದ ಮೂರನೇ ಅಂಗಡಿ. ಅವನಿಗೆ ಇದು ಎರಡನೇ ಸಂಬಂಧ. ಮೊದಲನೆಯವಳು ಬಿಡುಗಡೆ ತಗೊಂಡು ಬೆಳ್ಳಾವಿಯ ತವರಿನಲ್ಲಿದ್ದಾಳೆ. ಯಾಕೆ ಎಂದು ಕೇಳಿದರೆ ಈ ಬೀದಿಯಲ್ಲಿ ಎಲ್ಲರೂ ಮಳೆ ಬೆಳೆ ಮಾತಾಡುತ್ತಾರೆ.

ನಿನ್ನ
ಉದಯ

* * *

ತುಮಕೂರು
20 ಫೆಬ್ರವರಿ 2003

ಉದಯ,

ನೀನು ಕೇಳಿದ್ದು ಒಂದು ಪ್ರಶ್ನೆ, ನನಗೆ ಬಂದ ಭಯ ಎರಡು. ಮೊದಲು ಪ್ರಶ್ನೆ.

ಆ ರಿಸಲ್ಟ್ ಪುಟ ನಮ್ಮ ಲ್ಯಾಬಿನ ಹನ್ನೊಂದನೇ ಅಸೈನ್‌ಮೆಂಟ್. ಪಾಸಾದವರ ನಂಬರುಗಳ ಪಟ್ಟಿ ಕೊಟ್ಟಿರುತ್ತಾರೆ. ಟೈಪ್ ಮಾಡಿದ ನಂಬರು ಪಟ್ಟಿಯಲ್ಲಿ ಸಿಕ್ಕಿದರೆ ‘ಇಫ್’ ಕಡೆ ಹೋಗಿ ಪಾಸು ಎಂದು ತೋರಿಸುತ್ತದೆ. ಸಿಗದಿದ್ದರೆ ‘ಎಲ್ಸ್’ ಕಡೆ ಹೋಗಿ ಫೇಲು. ಲ್ಯಾಬಿನಲ್ಲಿ ಇರುವುದು ಹತ್ತೇ ಜನ, ಪಟ್ಟಿಯಲ್ಲಿ ಇಲ್ಲದವನು ಫೇಲೇ, ಹಾಗಾಗಿ ಅದು ಸರಿ. ನನಗೆ ಹತ್ತಕ್ಕೆ ಒಂಬತ್ತು ಮಾರ್ಕ್ಸ್ ಬಂತು.

ಆದರೆ ಹೊರಗೆ ಅದು ಸರಿಯಲ್ಲ. ಕಂಪ್ಯೂಟರಿಗೆ ‘ನನಗೆ ಗೊತ್ತಿಲ್ಲ’ ಅನ್ನುವುದು ತಾನಾಗಿ ಬರುವುದಿಲ್ಲ ಉದಯ, ನಾವು ಕಲಿಸಬೇಕು. ಕಲಿಸದಿದ್ದರೆ ಅದಕ್ಕೆ ಗೊತ್ತಿಲ್ಲದವರನ್ನೆಲ್ಲ ಫೇಲ್ ಅನ್ನುತ್ತದೆ. ಆಟಕ್ಕೆ ಇಟ್ಟುಕೋ. ಬೇರೆ ಯಾರ ಕಣ್ಣಿಗೂ ಬೀಳುವಂತೆ ಇಡಬೇಡ.

ಎರಡನೇ ಭಯ ಷಡಕ್ಷರಿ. ನಮ್ಮ ಅಮೀನ್ ಮಾಮು ಬೆಳ್ಳಾವಿ ಸಂತೆಗೆ ಪಾತ್ರೆ ಹಾಕಿಕೊಂಡು ಹೋಗುತ್ತಾರೆ. ಆ ಹೆಣ್ಣುಮಗಳನ್ನು ನೋಡಿದ್ದಾರೆ. ‘ಪಾತ್ರೆ ನೋಡ್ತಾ ನಿಂತಿರ್ತಾಳೆ, ಯಾರಾದ್ರೂ ಬಾಗ್ಲು ಹಾಕಿದ ಸದ್ದಾದ್ರೆ ಸಾಕು, ಹಾರಿ ಬೀಳ್ತಾಳೆ’ ಅಂದರು. ಅಷ್ಟೇ ಹೇಳಿದ್ದು.

ಭೂಮಿಕಾಗೆ ಹೇಳು, ಭಿನ್ನರಾಶಿಯ ಲೆಕ್ಕಗಳನ್ನು ಬಿಡಿಸಿ ಕಳಿಸುತ್ತಿದ್ದೇನೆ. ಗುಬ್ಬಿಯ ನಿಮ್ಮ ಮನೆಗೆ ನಮ್ಮಪ್ಪ ಲಾಲ್ ಸಾಬ್ ತಲುಪಿಸುತ್ತಾರೆ.

ನಿನ್ನ ಗೆಳೆಯ
ಫೈಜಲ್

* * *

ಕುಣಿಗಲ್
9 ಏಪ್ರಿಲ್ 2003

ಫೈಜಲ್,

ಬೈಯಬೇಡ. ಆ ಪುಟ ಈಗ ಬರೀ ಆಟವಲ್ಲ.

ಹೋದ ವರ್ಷದ ರಿಸಲ್ಟಿನ ಅಸಲಿ ಪುಟ ಇಂಟರ್ನೆಟ್ಟಿನಲ್ಲಿ ಇನ್ನೂ ಇತ್ತು. ಅದರ ಸೋರ್ಸ್ ಕೋಡ್ ತೆಗೆದು, ತಲೆಬರಹ, ನೀಲಿ ಗೆರೆ, ನಂಬರ್ ಹಾಕುವ ಡಬ್ಬಿ ಎಲ್ಲವನ್ನೂ ನಿನ್ನ ಅಸೈನ್‌ಮೆಂಟಿಗೆ ಅಂಟಿಸಿದೆ. ನಿನ್ನ ಸಂತೆಯಿಂದ ಮಿಣುಕುವ ಅಕ್ಷರ ತಗೊಂಡೆ. ಪಾಸಾದರೆ ಹಸಿರು, ಫೇಲಾದರೆ ಕೆಂಪು. ಪಕ್ಕದಲ್ಲಿ ಅಸಲಿ ಇಟ್ಟರೂ ಯಾವುದು ಯಾವುದು ಎಂದು ನಿನಗೂ ಗೊತ್ತಾಗುವುದಿಲ್ಲ.

ಇಡೀ ಬೀದಿಯ ಹುಡುಗರು ಬಂದು ಒಬ್ಬರ ನಂಬರ್ ಒಬ್ಬರು ಹಾಕಿ ನಗುತ್ತಾರೆ. ‘ಏನ್ಲಾ, ನೀನ್ ಬರೆಯೋಕ್ ಮುಂಚೇನೇ ಡುಮ್ಕಿ ಕಣ್ಲಾ!’ ಅಂತ. ಮಾಸ್ಟರು ಕೂಡ ನಕ್ಕರು. ಅವತ್ತು ಸಂಜೆಯೇ ಎಲ್ಲ ಮಿಷನ್ನಿಗೂ ಕಾಪಿ.

ನನ್ನ ಯೋಚನೆ ಏನೆಂದರೆ, ರಿಸಲ್ಟ್ ದಿನ ಅಸಲಿ ಪುಟಕ್ಕೆ ಊರೆಲ್ಲ ಒಟ್ಟಿಗೆ ನುಗ್ಗುತ್ತದೆ, ತೆರೆಯುವುದೇ ಇಲ್ಲ. ಬೆಳಿಗ್ಗೆಯೇ ನಮ್ಮ ಕುಣಿಗಲ್ ಶಾಲೆಗಳದ್ದನ್ನು ತೆಗೆದು ನನ್ನ ಪಟ್ಟಿಗೆ ತುಂಬಿಬಿಟ್ಟರೆ ಜನಕ್ಕೆ ತಕ್ಷಣ ಸಿಗುತ್ತದೆ. ಹತ್ತನೇ ಕ್ಲಾಸಿನವನು ಮಾಡಿದ್ದು ಎಂದು ನಾಲ್ಕು ಜನ ಹೇಳಲಿ.

ಭೂಮಿಕಾ ಪರೀಕ್ಷೆ ಬರೆದಳು. ಅಮ್ಮ ಫೋನ್ ಮಾಡಿ, ‘ಸೆಂಟ್ರಿಂದ ನಗ್ತಾ ಬಂದವ್ಳೆ ಕಣಪ್ಪ, ಇಷ್ಟು ದಿನ ಹಂಗೆ ಬಂದಿರ್ಲಿಲ್ಲ’ ಅಂದರು. ಅವಳ ನಂಬರ್ ತಗೊಂಡು ನನ್ನ ಪುಟದಲ್ಲಿ ಹಾಕಿ ನೋಡಿದೆ. ಕೆಂಪಗೆ ಮಿಣುಕಿತು. ಪಟ್ಟಿ ಖಾಲಿ ಇದೆ, ಇನ್ನೇನು ಬರುತ್ತದೆ? ಆದರೂ ಎಷ್ಟು ಚೆನ್ನಾಗಿ ಮಿಣುಕುತ್ತದೆ ಗೊತ್ತಾ!

ಉದಯ

* * *

ತುಮಕೂರು
16 ಏಪ್ರಿಲ್ 2003

ಉದಯ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಪರೀಕ್ಷೆ ಬರೆದು ಬಂದ ಹುಡುಗಿಯ ನಂಬರನ್ನು ಇಂಥದ್ದಕ್ಕೆ ಹಾಕಬಾರದಿತ್ತು. ನಾನು ಶಕುನ ನೋಡುವವನಲ್ಲ. ಆದರೂ ಹಾಕಬಾರದಿತ್ತು.

ಇವತ್ತೇ ‘ಎಲ್ಸ್’ ಬದಲಾಯಿಸು. ಫೇಲ್ ಅನ್ನುವ ಮಾತನ್ನೇ ತೆಗೆದು ‘ಈ ನಂಬರ್ ನಮ್ಮ ಪಟ್ಟಿಯಲ್ಲಿಲ್ಲ’ ಎಂದು ಹಾಕು. ಒಂದೇ ಸಾಲು. ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ, ಬ್ರಾಕೆಟ್ಟು ಸಮೇತ. ಅಸಲಿಯ ತಲೆಬರಹವನ್ನೂ ತೆಗಿ. ಅಸಲಿ ಥರ ಕಾಣುವುದೇ ಅದರ ದೋಷ, ನೀನು ಅದನ್ನು ಹೆಗ್ಗಳಿಕೆ ಅಂತೀಯ.

ಮಾಡಿದ ಮೇಲೆ ತಿಳಿಸು.

ಫೈಜಲ್

* * *

ಕುಣಿಗಲ್
6 ಮೇ 2003

ಫೈಜಲ್,

ಮಾಡಿದೆ ಕಣೋ, ಒಂದನೇ ಮಿಷನ್ನಿನಲ್ಲಿ ನಿನ್ನ ಸಾಲು ಹಾಕಿದೆ. ಈಗ ಯಾವ ನಂಬರ್ ಹಾಕಿದರೂ ‘ಪಟ್ಟಿಯಲ್ಲಿಲ್ಲ’ ಅನ್ನುತ್ತದೆ. ಹುಡುಗರಿಗೆ ಬೇಜಾರು. ತಲೆಬರಹ ಹಾಗೇ ಇರಲಿ, ಅದಕ್ಕೆ ಮೂರು ದಿನ ಕಣ್ಣು ನೋಯಿಸಿಕೊಂಡಿದ್ದೇನೆ.

ಮಾಸ್ಟರು ಹೋದ ವಾರ ಊರಿಗೆ ಹೋಗಿದ್ದಾರೆ, ಸೊಸೆಗೆ ಹೆರಿಗೆ. ರಿಸಲ್ಟ್ ಹೊತ್ತಿಗೆ ಬಂದಿರುತ್ತಾರೆ.

ರಿಸಲ್ಟ್ ದಿನ ನಾನು ಇಲ್ಲಿರುವುದಿಲ್ಲ. ಪಟ್ಟಿ ತುಂಬಿಸುವ ಯೋಚನೆ ಬಿಟ್ಟೆ. ಅವತ್ತು ಭೂಮಿಕಾ ಹತ್ತಿರ ಇರಬೇಕು ಅನ್ನಿಸುತ್ತಿದೆ. ಹೋದ ಎರಡು ಸಲವೂ ಅವಳು ಒಬ್ಬಳೇ ಅತ್ತಳು. ಅಪ್ಪನಿಗೆ ಹೇಳಿ ಎಲ್ಲ ಏರ್ಪಾಡು ಮಾಡಿದ್ದೇನೆ. ನಂಬರನ್ನು ಮಾಸ್ಟರಿಗೆ ಬರೆದು ಕೊಡುತ್ತೇನೆ, ಅವರು ನೋಡಿ ಗುಬ್ಬಿಯ ನಮ್ಮ ಬೀದಿಯ ಎಸ್‌ಟಿಡಿ ಬೂತಿಗೆ ಫೋನ್ ಮಾಡುತ್ತಾರೆ. ಅಪ್ಪ ಅಲ್ಲಿ ಕಾಯುತ್ತಾರೆ. ಮೊದಲ ಸಲ ನನ್ನಿಂದ ಏನೋ ಉಪಕಾರ ಆಗುತ್ತಿದೆ ಎಂದು ಅಪ್ಪನ ದನಿಯಲ್ಲಿ ಗೊತ್ತಾಯಿತು.

ದಾರಿಯಲ್ಲಿ ತುಮಕೂರಿನಲ್ಲಿ ಇಳಿದು ನಿನ್ನ ನೋಡಿಕೊಂಡು ಹೋಗುತ್ತೇನೆ.

ಉದಯ

* * *

ಗುಬ್ಬಿ
19 ಮೇ 2003

ಫೈಜಲ್,

ಅವತ್ತು ನಿನ್ನ ರೂಮಿನಲ್ಲಿ ಎರಡು ಗಂಟೆ ಕೂತೆನಲ್ಲ, ನಿನ್ನ ಹೊಸ ಅಸೈನ್‌ಮೆಂಟ್ ನೋಡುತ್ತಾ, ನಿಮ್ಮಮ್ಮ ಕಳಿಸಿದ್ದ ಸಮೋಸಾ ತಿನ್ನುತ್ತಾ. ಆ ಎರಡು ಗಂಟೆಯಲ್ಲಿ ಎಲ್ಲ ಆಗಿಹೋಯಿತು.

ಬಸ್ ಸ್ಟ್ಯಾಂಡಿನಲ್ಲಿ ಕಾಲು ಕೆಜಿ ಪೇಡ ಕಟ್ಟಿಸಿಕೊಂಡು ಮನೆಗೆ ಹೋದೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನಡುಮನೆಯಲ್ಲಿ ಒಡೆದ ತೆಂಗಿನಕಾಯಿ, ಅರಿಶಿನ, ಎಲೆ ಅಡಿಕೆ ತಟ್ಟೆ. ಮಹಾಲಿಂಗಯ್ಯ ಅಡಿಕೆ ಅಗಿಯುತ್ತಾ, ‘ಬಾರಪ್ಪ ಭಾವಮೈದ, ಸಿಹೀನೂ ತಂದವ್ನೆ ನೋಡ್ರಿ’ ಅಂದರು. ಎಲ್ಲರೂ ನಕ್ಕರು. ಮಠದಿಂದ ಬುದ್ಧಿಯವರೂ ಬಂದಿದ್ದರು. ಭೂಮಿಕಾ ಅಡುಗೆಮನೆ ಬಾಗಿಲ ಹಿಂದೆ ಇದ್ದಳು, ನನಗೆ ಸೆರಗಿನ ತುದಿ ಮಾತ್ರ ಕಾಣಿಸಿತು.

ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, ‘ನಿಮ್ ಮಾಸ್ಟ್ರು ಸರಿಯಾಗಿ ಹತ್ತೂವರೆಗೆ ಫೋನ್ ಮಾಡಿದ್ರು ಕಣೋ. ಫೇಲ್ ಅಂದ್ರು. ಎರಡ್ ಸಲ ಕೇಳ್ದೆ, ಎರಡ್ ಸಲಾನೂ ಅದೇ. ಬೀಗರು ಬೆಳಿಗ್ಗೇನೇ ಬಂದು ಮಠದಲ್ಲಿ ಕಾಯ್ತಿದ್ರು. ಬುದ್ಧಿಯೋರಿಗೆ ಮಾತು ಕೊಟ್ಟಿದ್ದೆ, ನಡೆಸ್ದೆ’ ಅಂದರು.

ಬೂತಿಗೆ ಓಡಿ ಮಾಸ್ಟರಿಗೆ ಫೋನ್ ಹಚ್ಚಿದೆ. ಅವರು ಖುಷಿಯಲ್ಲಿದ್ದರು. ‘ಒಂದು, ಎರಡು, ಮೂರು, ಐದು ಎಲ್ಲಾ ರಷ್ಷು ಕಣಯ್ಯ. ಅರ್ಧ ಗಂಟೆ ಆದ್ರೂ ಪೇಜೇ ತೆರೀತಿಲ್ಲ. ಪಟ್ಟಿ ತುಂಬ್ತೀನಿ ಅಂದಿದ್ಯಲ್ಲ, ಅದಕ್ಕೇ ನಾಲ್ಕನೇ ಮಿಷನ್ನಿನಲ್ಲಿ ನಿನ್ನ ಐಕಾನ್ ಒತ್ತಿದೆ, ಥಟ್ ಅಂತ ತೆರೀತು. ಪಾಪ, ಕೆಂಪಗೆ ಬಂತು.’

ನಾಲ್ಕನೇ ಮಿಷನ್ನಿನದು ಹಳೇ ಕಾಪಿ, ಫೈಜಲ್. ನಾನು ಸರಿ ಮಾಡಿದ್ದು ಒಂದನೆಯದನ್ನು. ಹೊಸ ಕಾಪಿ ಇಡಲು ಆ ವಾರ ಮಾಸ್ಟರು ಊರಲ್ಲಿರಲಿಲ್ಲ. ನಾನು ಇಡಬಹುದಿತ್ತು. ನೆನಪಾಗಲಿಲ್ಲ. ನಿಜ ಹೇಳುತ್ತೇನೆ, ನೆನಪಾಗಿತ್ತು. ನಾಳೆ ಮಾಡಿದರಾಯಿತು ಅಂದುಕೊಂಡೆ.

ಮಾರನೇ ದಿನ ಭೂಮಿಕಾ ಜೊತೆ ಶಾಲೆಯ ಬೋರ್ಡ್ ನೋಡಲು ಹೋದೆ. ನಂಬರ್ ಇತ್ತು. ಗಣಿತ ನಲವತ್ತೊಂದು. ಪಾಸು. ಅವಳು ಗಾಜಿನ ಮೇಲೆ ಉಗುರಿನಿಂದ ಆ ನಂಬರಿನ ಕೆಳಗೆ ಒಂದು ಗೆರೆ ಎಳೆದಳು.

ಅಪ್ಪನಿಗೆ ಹೇಳಿದರೆ, ‘ಫೋನಲ್ಲಿ ಓದಿದೋರು ಕಣ್ತಪ್ಪಿ ನೋಡಿರ್ಬೇಕು. ಏನ್ ಮಾಡೋದು? ಮಠದ ಉಗ್ರಾಣದ ಬೀಗದಕೈ ಇಟ್ಕೊಂಡಿರೋನು ಕೊಟ್ಟ ವೀಳ್ಯ ವಾಪಸ್ ಕೇಳೋಕಾಗ್ತದಾ?’ ಅಂದರು. ಅಮ್ಮ ಮಾತ್ರ ಬಿಡಲಿಲ್ಲ. ಮಠಕ್ಕೆ ಹೋಗಿ ಕಾಲಿಗೆ ಬಿದ್ದು ಬಂದರು. ಬುದ್ಧಿಯವರು ಹೀಗಂದರಂತೆ: ‘ಸರ್ವಮಂಗಳಮ್ಮ, ಯಾರಾದ್ರೂ ಸುಳ್ಳು ತೋರಿಸಿ ತಗೊಂಡ ವೀಳ್ಯ ಆಗಿದ್ರೆ ನಾನೇ ಮುಂದೆ ನಿಂತು ವಾಪಸ್ ಕೊಡಿಸ್ತಿದ್ದೆ. ಕಣ್ತಪ್ಪಿಗೆ ಕೊಟ್ಟ ಮಾತು ಮುರಿಯೋಕೆ ಬರಲ್ಲ ತಾಯಿ.’

ಅಮ್ಮ ಇದನ್ನು ಹೇಳುವಾಗ ನಾನು ಎದುರಿಗೇ ಅನ್ನ ಕಲಸುತ್ತಾ ಕೂತಿದ್ದೆ.

ಉದಯ

* * *

ತುಮಕೂರು
24 ಮೇ 2003

ಉದಯ,

ಈ ಕಾಗದ ಕೈಗೆ ಸಿಕ್ಕ ತಕ್ಷಣ ಅಂಗಿ ಹಾಕಿಕೊಂಡು ಮಠಕ್ಕೆ ಹೋಗು.

ಬುದ್ಧಿಯವರು ಬಾಗಿಲು ತೆರೆದು ಇಟ್ಟಿದ್ದಾರೆ. ಅದು ಕಣ್ತಪ್ಪಲ್ಲ. ಅಸಲಿ ಥರ ಕಾಣುವಂತೆ ಮಾಡಿದ ಸುಳ್ಳು ಪುಟ, ಮಾಡಿದವನು ನೀನು, ಬೀಜ ಕೊಟ್ಟವನು ನಾನು. ಇದನ್ನು ಅವರ ಮುಂದೆ ಹೇಳಿದರೆ ಸಾಕು. ಒಬ್ಬನಿಗೇ ಆಗದಿದ್ದರೆ ನಾನೂ ಬರುತ್ತೇನೆ. ಫ್ಲಾಪಿ ತರುತ್ತೇನೆ, ಸೋರ್ಸ್ ತೋರಿಸುತ್ತೇನೆ. ಮುಸ್ಲಿಂ ಹುಡುಗನಿಗೆ ನಿಮ್ಮ ಮನೆ ಮದುವೆ ವಿಚಾರ ಯಾಕೆ ಅಂದರೆ ಅನ್ನಲಿ.

ನಿಮ್ಮಪ್ಪ ಹೊಡೆಯಬಹುದು. ಸೆಂಟರಿನ ಕೆಲಸ ಹೋಗಬಹುದು. ಇಷ್ಟೇ ತಾನೇ?

ಮದುವೆ ಯಾವತ್ತು ಎಂದು ನೀನು ಬರೆದಿಲ್ಲ. ಯಾಕೆ ಬರೆದಿಲ್ಲ?

ಫೈಜಲ್

* * *

ತುಮಕೂರು
3 ಜೂನ್ 2003

ಉದಯ,

ಉತ್ತರ ಬರಲಿಲ್ಲ. ನಮ್ಮಪ್ಪನನ್ನು ನಿಮ್ಮ ಮನೆ ಕಡೆ ಕಳಿಸಿದ್ದೆ. ಚಪ್ಪರದ ಕಂಬ ನೆಟ್ಟಿದ್ದಾರೆ ಅಂದರು. ನೀನು ಕಂಬ ಹಿಡಿದುಕೊಂಡು ನಿಂತಿದ್ದೆಯಂತೆ.

ಇನ್ನೂ ದಿನ ಇದೆ.

ಫೈಜಲ್

* * *

ತುಮಕೂರು, ಬಿ.ಎಚ್. ರಸ್ತೆ
30 ಜೂನ್ 2003

ಫೈಜಲ್,

ನಿನ್ನ ರೂಮಿನಿಂದ ಒಂದು ಮೈಲಿ ದೂರದಲ್ಲಿ ಕೂತು ಕಾಗದ ಬರೆಯುತ್ತಿದ್ದೇನೆ. ಮುಖ ತೋರಿಸಲು ಆಗುವುದಿಲ್ಲ.

ಮಠಕ್ಕೆ ಮೂರು ಸಲ ಹೋದೆ. ಮೊದಲ ಸಲ ಬುದ್ಧಿಯವರು ಪೂಜೆಯಲ್ಲಿದ್ದರು. ಎರಡನೇ ಸಲ ಅಪ್ಪ ಅಲ್ಲೇ ಅಕ್ಕಿ ಅಳೆಯುತ್ತಿದ್ದರು, ನನ್ನ ನೋಡಿ, ‘ಏನಪ್ಪ, ದಾಸೋಹಕ್ಕೆ ಬಂದ್ಯಾ? ಕೂತ್ಕೋ’ ಅಂದರು. ಜನರ ಮುಂದೆ ನನ್ನ ಹೆಗಲ ಮೇಲೆ ಕೈ ಹಾಕಿದರು. ಹತ್ತನೇ ಕ್ಲಾಸಿಗೆ ಓದು ಬಿಟ್ಟ ಮೇಲೆ ಆ ಕೈ ನನ್ನ ಮೇಲೆ ಬಿದ್ದಿರಲಿಲ್ಲ. ಅವರ ಪಕ್ಕ ಕೂತು ಉಂಡೆ. ಮೂರನೇ ಸಲ ಬುದ್ಧಿಯವರು ಒಬ್ಬರೇ ಸಿಕ್ಕರು. ‘ಏನೋ ಹೇಳೋಕ್ ಬಂದಂಗಿದೆ?’ ಅಂದರು. ಲಗ್ನಪತ್ರಿಕೆ ಕೊಟ್ಟು ಬಂದೆ.

ಇಪ್ಪತ್ತೆರಡಕ್ಕೆ ಮದುವೆ ಆಯಿತು. ನಾನು ಕುರ್ಚಿ ಹೊತ್ತೆ, ಎಲೆ ಹಾಕಿದೆ. ಧಾರೆಯ ಹೊತ್ತಿಗೆ ಅವಳು ತಲೆ ಎತ್ತಿ ಒಂದು ಸಲ ನೋಡಿದಳು. ನಾನು ಬಡಿಸುವ ಬಕೆಟ್ ಹಿಡಿದುಕೊಂಡು ಹೊರಗೆ ಹೋದೆ.

ಕುಣಿಗಲ್ ಬಿಟ್ಟೆ. ಮಾಸ್ಟರಿಗೆ ಯಾವ ಕಾರಣವನ್ನೂ ಹೇಳಲಿಲ್ಲ. ಬರುವ ಮುಂಚೆ ನಾಲ್ಕನೇ ಮಿಷನ್ನಿನಿಂದ ಅದನ್ನು ಅಳಿಸಿದೆ. ಅದನ್ನಾದರೂ ಮಾಡಿದೆ. ಇಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದೇನೆ. ಕಂಪ್ಯೂಟರ್ ಮುಟ್ಟುವುದಿಲ್ಲ.

ಹುಡುಕಿಕೊಂಡು ಬರಬೇಡ.

ಉದಯ

* * *

ಕುಣಿಗಲ್
28 ಏಪ್ರಿಲ್ 2004

ಅಣ್ಣಾ,

ಅಕ್ಷರ ಸೊಟ್ಟಗಿದ್ದರೆ ಬೇಜಾರು ಮಾಡಿಕೊಳ್ಳಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ವಾಸಿಯಾಗುತ್ತಿದೆ. ನಿನ್ನ ವಿಳಾಸ ಅಮ್ಮ ಕೊಟ್ಟರು. ಈ ಕಾಗದವನ್ನು ಪಕ್ಕದ ಮನೆಯ ವನಜಮ್ಮ ಅಂಚೆಗೆ ಹಾಕುತ್ತಾರೆ. ಕಿಟಕಿಯಿಂದ ಕೊಡುತ್ತೇನೆ. ನೀನು ಇಲ್ಲಿಗೆ ಉತ್ತರ ಬರೆಯಬೇಡ.

ಹೋದ ವಾರ ನಮ್ಮ ಯಜಮಾನರು ಅಂಗಡಿಯ ಬಿಲ್ ಪುಸ್ತಕದ ತಲೆಬರಹ ಮಾಡಿಸಲು ನಿಮ್ಮ ಮಾಸ್ಟರ ಸೆಂಟರಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದರು. ಯುಗಾದಿ ಆದಮೇಲೆ ನಾನು ಹೊರಗೆ ಬಂದಿದ್ದು ಅವತ್ತೇ. ಮಾಸ್ಟರು ನನ್ನನ್ನು ನೋಡಿ ಬಹಳ ಸಂತೋಷಪಟ್ಟರು. ‘ಬಾಮ್ಮ, ನಿಮ್ಮಣ್ಣನ ಕೈಚಳಕ ತೋರಿಸ್ತೀನಿ. ಹೋಗೋವಾಗ ಏನೇನೋ ಅಳಿಸಿ ಹೋಗಿದ್ದ, ನನ್ನತ್ರ ಕಾಪಿ ಇತ್ತು, ಮತ್ತೆ ಹಾಕ್ದೆ’ ಅಂದು ನಾಲ್ಕನೇ ಕಂಪ್ಯೂಟರಿನ ಮುಂದೆ ಕೂರಿಸಿದರು.

ನೀಲಿ ಗೆರೆ ಇತ್ತು. ನಂಬರ್ ಹಾಕಿ ಎಂದಿತ್ತು. ನನಗೆ ನನ್ನ ನಂಬರ್ ಬಾಯಿಪಾಠ. ಹಾಕಿದೆ.

ಯಜಮಾನರು ನನ್ನ ಹಿಂದೆಯೇ ನಿಂತಿದ್ದರು. ಓದಿ ಜೋರಾಗಿ ನಕ್ಕರು. ‘ನೋಡ್ದಾ, ಬೋರ್ಡೇ ಸುಳ್ಳು ಹೇಳಿದ್ದು’ ಅಂದರು. ನಾನು ಬೋರ್ಡಿನದೇ ನಿಜ ಅಂದೆ. ಅಷ್ಟೇ ಅಂದಿದ್ದು. ಮನೆಗೆ ಬರುವ ತನಕ ಅವರು ನಗುತ್ತಲೇ ಇದ್ದರು.

ಆಮೇಲೆ ಬೇರೆ ಬೇರೆ ನಂಬರುಗಳನ್ನು ನೆನಪು ಮಾಡಿಕೊಂಡೆ. ಮಾಸ್ಟರು ಒಂದೆರಡು ಹಾಕಿ ತೋರಿಸಿದ್ದರು. ಎಲ್ಲದಕ್ಕೂ ಕೆಂಪೇ. ಅದಕ್ಕೆ ಬೇರೆ ಮಾತೇ ಬರುವುದಿಲ್ಲ. ಆಗ ಗೊತ್ತಾಯಿತು.

ಒಂದೇ ಒಂದು ಕೇಳುತ್ತೇನೆ. ಅಮ್ಮ ಮಠದಿಂದ ಬಂದು ಬುದ್ಧಿಯವರ ಮಾತು ಹೇಳಿದ ದಿನ, ನೀನು ಅನ್ನ ಕಲಸುತ್ತಿದ್ದೆ, ಬಾಯಿಗೆ ಇಡಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಆಗಲೇ ನಿನಗೆ ಗೊತ್ತಿತ್ತಾ ಅಣ್ಣಾ? ಈಗ ಉತ್ತರ ಬಂದು ನನಗೆ ಏನೂ ಆಗಬೇಕಾಗಿಲ್ಲ. ಕೇಳಬೇಕು ಅನ್ನಿಸಿತು.

ಕಾಗದ ಬರೆದಿದ್ದು ಅದಕ್ಕಲ್ಲ. ಮುಂದಿನ ತಿಂಗಳು ರಿಸಲ್ಟ್. ವನಜಮ್ಮನ ಮಗಳೂ ಬರೆದಿದ್ದಾಳೆ, ಅವಳದೂ ಗಣಿತ. ಅವರ ಮನೆಗೂ ಯಾರೋ ಬಂದು ನೋಡಿಕೊಂಡು ಹೋಗಿದ್ದಾರೆ. ಅವರಪ್ಪ ನಂಬರನ್ನು ಆಗಲೇ ಮಾಸ್ಟರ ಕೈಗೆ ಬರೆದು ಕೊಟ್ಟಿದ್ದಾರೆ.

ನೀನು ಬಂದು ಅದನ್ನು ಸರಿಮಾಡಿ ಹೋಗು. ಐದು ಮಿಷನ್ನಿನಲ್ಲೂ, ಮಾಸ್ಟರ ಫ್ಲಾಪಿಯಲ್ಲೂ.

ಬಂದಾಗ ನಮ್ಮ ಮನೆ ಕಡೆ ಬರಬೇಡ. ಕರೆದರೂ ತೆರೆಯಲು ಆಗುವುದಿಲ್ಲ, ಬೀಗ ಹೊರಗಡೆಯಿಂದ ಇರುತ್ತದೆ.

ನಿನ್ನ ತಂಗಿ
ಭೂಮಿಕಾ